ಪಲ್ಪರ್ ನೋಡಿ ಬರ್ತೀನಿ

ಜೀವವಿರುವ ದೇಹಕ್ಕೂ ಜೀವ ಹೋದ ದೇಹಕ್ಕೂ ನಡುವಿನ ವ್ಯತ್ಯಾಸವೇನು, ಹೊರಟುಹೋದದ್ದು ಏನು, ಅದು ಯಾವ ಬಾಗಿಲಿನಿಂದ ಹೊರಟಿತು ಎಂಬ ಪ್ರಶ್ನೆಗಳನ್ನು ಹಿಡಿದುಕೊಂಡು ಈ ನಾಡಿನ ಜ್ಞಾನಿಗಳು ತಲೆತಲಾಂತರದಿಂದ ಗಡ್ಡ ನೀವಿಕೊಂಡಿದ್ದಾರೆ. ನನ್ನ ಅನುಭವದಲ್ಲಿ, ಮೊದಲು ಪ್ಲಗ್ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಒಳ್ಳೆಯದು.

ಪ್ಲಗ್ ಸರಿಯಾಗಿಯೇ ಕೂತಿತ್ತು. ಅದೇ ಬೋರ್ಡಿನ ಪಕ್ಕದ ತೂತಿಗೆ ಟೇಬಲ್ ಫ್ಯಾನ್ ಸಿಕ್ಕಿಸಿದೆ. ಅದು ಎಂದಿನಂತೆ ಗೊಣಗುತ್ತ ತಿರುಗಿತು. ಅಂದರೆ ಆಲ್ದೂರಿನಲ್ಲಿ ಕರೆಂಟಿತ್ತು. ಕಾಫಿ ಹೂವರಳಿಸುವ ಹೂಮಳೆ ಬೀಳುವ ದಿನಗಳಲ್ಲಿ ಇದು ಸಣ್ಣ ಸುದ್ದಿಯಲ್ಲ. ಊರಿಗೆ ಊರೇ ಕರೆಂಟು ಅನುಭವಿಸುತ್ತಿರುವಾಗ ನನ್ನ ಕಂಪ್ಯೂಟರೊಂದು ಮಾತ್ರ ಊಟವಾದ ಮೇಲೆ ಗುಂಡಿ ಒತ್ತಿದರೆ ದೀಪ ಹತ್ತಿಸಲಿಲ್ಲ, ಉಸಿರು ಬಿಡಲಿಲ್ಲ, ಹೊಟ್ಟೆಯೊಳಗಿನ ಫ್ಯಾನನ್ನು ಒಂದು ಸುತ್ತು ಕೂಡ ತಿರುಗಿಸಲಿಲ್ಲ. ಇನ್ನೊಮ್ಮೆ ಒತ್ತಿದೆ. ಗುಂಡಿ ಸ್ವಲ್ಪ ಬಿಗಿ ಎನಿಸಿತು. ಮಳೆಯ ತೇವಕ್ಕೆ ಮರ ಉಬ್ಬಿರಬೇಕು ಎಂದುಕೊಂಡೆ.

ಕಂಪ್ಯೂಟರಿಗೂ ಮರಕ್ಕೂ ಏನು ಸಂಬಂಧ ಎಂದು ಕೇಳುವುದು ನ್ಯಾಯ. ನನ್ನದು ಅಂಗಡಿಯಿಂದ ತಂದ ಕಂಪ್ಯೂಟರಲ್ಲ, ನಾನೇ ಕೂತು ಜೋಡಿಸಿದ್ದು, ಮತ್ತು ಅದು ಇರುವುದು ಜೇನುಪೆಟ್ಟಿಗೆಯೊಳಗೆ.

ನಾನು ರೈಟರ್. ಹೀಗೆಂದ ಕೂಡಲೇ ಹೊರಗಿನವರು ಗೌರವದಿಂದ, ಏನು ಬರೆದಿದ್ದೀರಿ ಎಂದು ಕೇಳುತ್ತಾರೆ. ನಮ್ಮ ಕಡೆ ರೈಟರ್ ಎಂದರೆ ಕಾಫಿ ತೋಟದ ಗುಮಾಸ್ತ. ಇವತ್ತು ಎಷ್ಟು ಆಳು ಬಂದರು, ತೋಟದ ಯಾವ ಪಟ್ಟೆಯಲ್ಲಿ ಗಿಡ ಕಸಿ ಮಾಡಿದರು ಎಂದು ಬರೆದಿಡುವವನು. ನನ್ನ ಬರವಣಿಗೆಗೆ ಜೀವಮಾನವಿಡೀ ಇದ್ದ ಓದುಗರು ಒಬ್ಬರೇ, ತೋಟದ ಯಜಮಾನರು. ಅವರೂ ಕೊನೆಯ ಸಾಲು ಮಾತ್ರ ಓದುತ್ತಿದ್ದರು. ನಾನು ನಿವೃತ್ತನಾದಾಗ ಅವರು ಆಫೀಸಿನ ಹಳೆಯ ಕಂಪ್ಯೂಟರನ್ನೂ ಎರಡು ಖಾಲಿ ಜೇನುಪೆಟ್ಟಿಗೆಗಳನ್ನೂ ತೋರಿಸಿ, "ತಗೊಂಡ್ಹೋಗಿ ರೈಟ್ರೆ, ಇನ್ನು ಇವುಗಳಿಂದ ಉಪಯೋಗ ಇಲ್ಲ" ಎಂದರು. ಮೂವರನ್ನೂ ಒಂದೇ ಜೀಪಿನಲ್ಲಿ ಕಳಿಸಿಕೊಟ್ಟರು.

ಜೇನಿಗೆ ರೋಗ ಬಂದು ಹುಳಗಳು ಪೆಟ್ಟಿಗೆ ಬಿಟ್ಟು ಎದ್ದುಹೋಗಿದ್ದವು. ಕಂಪ್ಯೂಟರಿನ ತಗಡಿನ ಮೈಗೆ ಮುಟ್ಟಿದರೆ ಉದುರುವಷ್ಟು ತುಕ್ಕು ಹಿಡಿದಿತ್ತು. ಇದರ ಕರುಳನ್ನು ಅದರ ಹೊಟ್ಟೆಗೆ ಸೇರಿಸಿದರೆ ಇಬ್ಬರಿಗೂ ಒಂದು ಗತಿಯಾದೀತು ಎಂದು ನನಗೆ ತೋಚಿತು. ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ನಡುವಿನ ಹಲಗೆ ಕಿತ್ತೆ. ಕೆಳಗಿನ ಅಂತಸ್ತಿನಲ್ಲಿ ಕರೆಂಟು ಹದ ಮಾಡಿ ಹಂಚುವ ಡಬ್ಬಿ, ಮೇಲಿನದರಲ್ಲಿ ಮದರ್‌ಬೋರ್ಡು. ಬೇಕಾದ ಹೊಸ ಭಾಗಗಳನ್ನು ಒಂದೊಂದಾಗಿ ತರಿಸಿದೆ. ಹೇಗೆ ಜೋಡಿಸಬೇಕೆಂದು ಪಂಚಾಯ್ತಿ ಲೈಬ್ರರಿಯ ಕಂಪ್ಯೂಟರಿನಲ್ಲಿ ವಿಡಿಯೋ ನೋಡಿ ಕಲಿತೆ.

ಗುಂಡಿಯೊಂದು ಸಿಗಲಿಲ್ಲ. ಹಳೆಯ ಗುಂಡಿ ತಗಡಿನೊಂದಿಗೆ ಉದುರಿಹೋಗಿತ್ತು. ಆಗ ನೆನಪಾದದ್ದು ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಈ ಮನೆಗೆ ಬಂದ ಹೊಸತರಲ್ಲಿ ನಾನು ಬಾಗಿಲಿಗೆ ಕಾಲಿಂಗ್ ಬೆಲ್ ಹಾಕಿಸಿದ್ದೆ. ಅದನ್ನು ಒತ್ತುತ್ತಿದ್ದವನು ಹಾಲಿನವನೊಬ್ಬ. ಅವನೂ ಒತ್ತುವುದಕ್ಕಿಂತ ಕೂಗುವುದೇ ಸುಲಭ ಎಂದು ಕಂಡುಕೊಂಡ ಮೇಲೆ ಬೆಲ್ಲಿಗೆ ಕೆಲಸವಿಲ್ಲದೆ ಹೋಯಿತು. ಬಿಚ್ಚಿಟ್ಟಿದ್ದ ಆ ಸ್ವಿಚ್ಚನ್ನು ಪೆಟ್ಟಿಗೆಯ ಮುಂಭಾಗದಲ್ಲಿ, ಹಿಂದೆ ಜೇನುಹುಳಗಳು ಒಳಹೊರಗೆ ಓಡಾಡುತ್ತಿದ್ದ ಸೀಳಿನ ಮೇಲೆಯೇ, ಸ್ಕ್ರೂ ಹಾಕಿ ಕೂರಿಸಿದೆ. ಸೀಳನ್ನು ಪೂರ್ತಿ ಮುಚ್ಚಲಿಲ್ಲ; ಗಾಳಿ ಆಡಲಿ ಎಂದು ಬಿಟ್ಟೆ. ಹೀಗಾಗಿ ಪ್ರತಿ ಮಧ್ಯಾಹ್ನ ನಾನೇ ನನ್ನ ಮನೆಯ ಬೆಲ್ ಒತ್ತಿ, ನಾನೇ ಒಳಗೆ ಬರಮಾಡಿಕೊಂಡು, ನಾನೇ ಕೂರುತ್ತಿದ್ದೆ.

ಕೂರುತ್ತಿದ್ದದ್ದು ಚದುರಂಗ ಆಡಲಿಕ್ಕೆ, ಮೇಸ್ತ್ರಿಯ ಜೊತೆ.

ಮೇಸ್ತ್ರಿ ನಮ್ಮ ತೋಟದ ಮೆಷಿನ್ ಮನೆಯ ಮೇಸ್ತ್ರಿಯಾಗಿದ್ದವನು. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ಬೇರೆ ಮಾಡುವ ಪಲ್ಪರ್ ಯಂತ್ರ ಅವನ ಸುಪರ್ದಿನಲ್ಲಿತ್ತು. ಸಂಜೆ ಕೆಲಸ ಮುಗಿದ ಮೇಲೆ ನಾವಿಬ್ಬರೂ ಆಫೀಸಿನ ಜಗುಲಿಯಲ್ಲಿ ಮಣೆ ಹಾಸುತ್ತಿದ್ದೆವು. ನನಗೆ ಮದುವೆಯಿಲ್ಲ, ಅವನ ಸಂಸಾರ ಕಳಸದಲ್ಲಿತ್ತು. ಆಟದಲ್ಲಿ ಅವನು ಆರಂಭಶೂರ. ಕುದುರೆಗಳನ್ನು ಮುಂದೆ ನುಗ್ಗಿಸಿ, ಆನೆಯನ್ನು ಗುಡುಗಿಸಿ, "ಇವತ್ತು ನಿನ್ನ ಕತೆ ಮುಗೀತು ಮಾರಾಯ" ಎಂದು ಘೋಷಿಸುತ್ತಿದ್ದ. ಆಮೇಲೆ ಅವನ ಮಂತ್ರಿ ನನ್ನ ಬಲೆಗೆ ಬೀಳುತ್ತಿತ್ತು. ಬಿದ್ದದ್ದು ಗೊತ್ತಾದ ಕ್ಷಣ ಅವನ ಮುಖದಲ್ಲಿ ಒಂದು ಕರ್ತವ್ಯಪ್ರಜ್ಞೆ ಮೂಡುತ್ತಿತ್ತು.

"ಒಂದ್ನಿಮಿಷ ರೈಟ್ರೆ. ಪಲ್ಪರ್ ನೋಡಿ ಬರ್ತೀನಿ."

ಹೋದವನು ಆ ದಿನ ಮತ್ತೆ ಬರುತ್ತಿರಲಿಲ್ಲ. ಸುಗ್ಗಿಯಲ್ಲಾದರೆ ಅದು ಸರಿಯೇ. ಯಂತ್ರ ಓಡುತ್ತಿರುತ್ತದೆ, ನೋಡಬೇಕು. ಅವನು ಆಷಾಢದಲ್ಲೂ ಹೋಗುತ್ತಿದ್ದ. ಪಲ್ಪರಿಗೆ ಎಣ್ಣೆ ಹಚ್ಚಿ, ಗೋಣಿತಾಟು ಹೊದಿಸಿ ಮಲಗಿಸಿರುವ ಕಾಲದಲ್ಲೂ, ಕೊಡೆ ಹಿಡಿದುಕೊಂಡು ಅದನ್ನು ನೋಡಲು ಹೋಗುತ್ತಿದ್ದ. ತೋಟದಲ್ಲಿ ಅದೊಂದು ಮಾತೇ ಆಗಿಹೋಯಿತು. ಸೊಸೈಟಿ ಮೀಟಿಂಗಿನಲ್ಲಿ ಯಾರಾದರೂ ಉತ್ತರ ಕೊಡಲಾಗದೆ ಎದ್ದರೆ, "ಪಲ್ಪರ್ ನೋಡಕ್ಕೆ ಹೊಂಟ" ಎನ್ನುತ್ತಿದ್ದರು. ಅದನ್ನು ಊರೆಲ್ಲ ಹಬ್ಬಿಸಿದವನು ನಾನೇ. ಹೀಗೆ ಅಷ್ಟು ವರ್ಷಗಳಲ್ಲಿ ಮೇಸ್ತ್ರಿ ನನ್ನ ಮೇಲೆ ಒಂದು ಆಟವನ್ನೂ ಗೆಲ್ಲಲಿಲ್ಲ. ಕಡತದ ಪ್ರಕಾರ ಸೋಲಲೂ ಇಲ್ಲ.

ನಿವೃತ್ತನಾದ ಮೇಲೆ ಅವನು ಕಳಸಕ್ಕೆ ಹೋದ, ನಾನು ಆಲ್ದೂರಿನಲ್ಲಿ ಈ ಬಾಡಿಗೆ ಮನೆಗೆ ಬಂದೆ. ಆಮೇಲೆ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ನೋಡಲು ಹೋಗಿದ್ದೆ. ಕಿತ್ತಳೆ ಹಣ್ಣು ಹಿಡಿದುಕೊಂಡು ಮಂಚದ ಪಕ್ಕ ನಿಂತಾಗ ಅವನು ನನ್ನನ್ನು ಒಮ್ಮೆ ನೋಡಿ ಗೋಡೆಯ ಕಡೆ ತಿರುಗಿದ. ನಾನು ಹೊರಡುವ ತನಕ ಈ ಕಡೆ ತಿರುಗಲೇ ಇಲ್ಲ. ಎದ್ದುಹೋಗಲು ಆಗದ ಮನುಷ್ಯ ಇನ್ನೇನು ಮಾಡಬೇಕು? ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅದು ಅರ್ಥವಾಯಿತು. ಮತ್ತೆ ಹೋಗಲಿಲ್ಲ.

ಅವನ ಸೊಸೆಗೆ ಒಂದು ಉಪಾಯ ಹೊಳೆಯಿತು. ಮಗನ ಹಳೆಯ ಫೋನಿನಲ್ಲಿ ಚದುರಂಗದ ಆಟ ಹಾಕಿಕೊಟ್ಟು, ನನಗೂ ಸೇರುವ ದಾರಿ ಹೇಳಿಕೊಟ್ಟಳು. ಅವನು ಅಲ್ಲಿ ಎಡಗೈ ಬೆರಳಿನಿಂದ ಕುದುರೆ ತಳ್ಳಿದರೆ ಇಲ್ಲಿ ನನ್ನ ಜೇನುಪೆಟ್ಟಿಗೆಯ ಮುಂದೆ ಅದು ನೆಗೆಯುತ್ತಿತ್ತು. ಪರದೆಯ ಮೇಲೆ ಇಬ್ಬರಿಗೂ ಮುಖವಿಲ್ಲ. ಗೋಡೆಯ ಕಡೆ ತಿರುಗುವ ಅಗತ್ಯವಿರಲಿಲ್ಲ. ನನ್ನ ಕೈಯಲ್ಲಿರುವುದು ಗುಂಡಿ ಫೋನು, ಅದರಲ್ಲಿ ಮಾತು ಮಾತ್ರ ಆಗುತ್ತದೆ. ಮಾತು ಬಾರದವನಿಗೂ ಮಾತು ತೋಚದವನಿಗೂ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಊಟದ ನಂತರದ ಆ ಆಟವೇ ನಮ್ಮ ಮಾತುಕತೆ. ನನ್ನ ಮಟ್ಟಿಗೆ ಹೇಳುವುದಾದರೆ, ದಿನದ ಮಾತುಕತೆಯೆಲ್ಲ ಅದೇ.

ಈಗ ಸಂಗತಿ ಏನೆಂದರೆ, ಕಂಪ್ಯೂಟರು ಕಣ್ಣು ಮುಚ್ಚಿದ ದಿನ ನಾನು ಸೋಲುತ್ತಿದ್ದೆ.

ಮೇಸ್ತ್ರಿಗೆ ಮಂಚ ತಾಳ್ಮೆ ಕಲಿಸಿತ್ತು. ಕುದುರೆಗಳನ್ನು ನುಗ್ಗಿಸುವುದು ಬಿಟ್ಟು, ನನ್ನ ರಾಜನ ಸುತ್ತ ಬೇಲಿ ಕಟ್ಟಿದಂತೆ ಕಾಲಾಳುಗಳನ್ನು ನಿಲ್ಲಿಸುತ್ತ ಬಂದಿದ್ದ. ನನ್ನ ಮಂತ್ರಿ ಹೋಗಿತ್ತು. ನಡೆ ನನ್ನದು. ಅವನ ಬದುಕಿನಲ್ಲಿ ನನ್ನ ಮೇಲೆ ಮೊದಲ ಗೆಲುವು ಕಣ್ಣೆದುರಿಗಿತ್ತು, ನಾನು ಮಾತ್ರ ಆಟಕ್ಕೆ ಬರಲಿಲ್ಲ.

ಎರಡು ದಿನ ಕಾದು ಫೋನ್ ಮಾಡಿದೆ. ಸೊಸೆ ಎತ್ತಿದಳು.

"ರೈಟರ್ ಅಂಕಲ್ಲಾ? ನಾನೇ ಮಾಡಣ ಅಂತಿದ್ದೆ. ಹುಷಾರಿದೀರ?"

"ನಾನು ಹುಷಾರು. ಕಂಪ್ಯೂಟರ್ ಹುಷಾರಿಲ್ಲ. ಆನ್ ಆಗ್ತಿಲ್ಲ ಅಂತ ಮೇಸ್ತ್ರಿಗೆ ಹೇಳಮ್ಮ, ಅದಕ್ಕೇ ಬಂದಿಲ್ಲ ಅಂತ."

ಅವಳು ಫೋನು ಹಿಡಿದುಕೊಂಡೇ ಒಳಗೆ ಕೂಗಿದಳು: "ಮಾವಾ, ರೈಟರ್ ಅಂಕಲ್ ಕಂಪ್ಯೂಟ್ರು ಕೆಟ್ಟಿದೆಯಂತೆ!"

ಒಳಗಿನಿಂದ ಒಂದು ಸದ್ದು ಬಂತು. ಹಳೆಯ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಹಿಡಿಯದೆ ಕೆಮ್ಮುತ್ತದಲ್ಲ, ಅಂಥದ್ದು.

"ನಗ್ತಿದಾರೆ ಅಂಕಲ್! ಅಬ್ಬ, ಎಷ್ಟು ದಿನ ಆಗಿತ್ತು ಇವ್ರು ನಕ್ಕಿ. ತಡೀರಿ, ಸ್ಲೇಟು ಕೇಳ್ತಿದಾರೆ. ಎಂತದೋ ಬರೀತಿದಾರೆ... ಪ... ಪಲ್ಪರ್. ಪಲ್ಪರ್ ಅಂತ ಬರ್ದಿದಾರೆ. ಹಂಗಂದ್ರೆ ಎಂತ ಅಂಕಲ್?"

"ಎಂತ ಇಲ್ಲಮ್ಮ. ತೋಟದ್ದೊಂದು ಮಾತು."

"ಓ, ಪ್ರೀತಿ ಮಾತಾ?"

ನಾನು ಹೌದೆಂದೆ.

ಮರುದಿನ ಮತ್ತೆ ಫೋನ್ ಮಾಡಿ, ನನ್ನ ನಡೆಯನ್ನು ಬಾಯಲ್ಲೇ ಹೇಳುತ್ತೇನೆ, ನೀನು ಅಲ್ಲಿ ಮಣೆ ಹಾಕಿ ಕಾಯಿ ಸರಿಸು ಎಂದೆ. ಅವಳು ಒಳ್ಳೆಯವಳು, ಒಪ್ಪಿದಳು. "ಒಂಟೆ ಅಂದ್ರೆ ಟೋಪಿ ಹಾಕಿರೋದಲ್ವಾ? ಇಲ್ಲಿ ಎರಡಿದೆ ಅಂಕಲ್. ಯಾವ್ದು, ಒಲೆ ಕಡೇದಾ, ಬಾಗ್ಲು ಕಡೇದಾ?" ಎಂದು ಕೇಳುತ್ತಿರುವಾಗಲೇ ಮಣೆ ಬಿದ್ದ ಸದ್ದು ಕೇಳಿತು. ಎಡಗೈ ತಳ್ಳಿರಬೇಕು. "ಬೇಡ ಅಂತಿದಾರೆ," ಎಂದಳು. ಆಮೇಲೆ ಸ್ಲೇಟು ಓದಿದಳು: "ಆಡೋನಾದ್ರೆ ಅವ್ನೇ ಬಂದು ಕೂರ್ಲಿ."

ಫೋನು ಇಟ್ಟ ಮೇಲೆ ನನಗೆ ನಗು ಬರಲಿಲ್ಲ. ನಾನು ನೆಪ ಹೇಳುತ್ತಿದ್ದೇನೆಂದು ಅವನು ನಿಜವಾಗಿ ನಂಬಿದ್ದಾನೋ ತಮಾಷೆ ಮಾಡುತ್ತಿದ್ದಾನೋ ತಿಳಿಯುವ ದಾರಿಯಿಲ್ಲ. ಮುಖ ಕಂಡರೆ ತಿಳಿಯುತ್ತಿತ್ತು. ಮುಖ ಕಾಣಬಾರದೆಂದು ತಾನೇ ನಾವು ಏರ್ಪಾಡು ಮಾಡಿಕೊಂಡದ್ದು.

ತೋಟದಲ್ಲಿ ಆಳು ತಪ್ಪು ಮಾಡಿದನೆಂದು ಕೂಡಲೇ ಕೆಲಸದಿಂದ ತೆಗೆಯುವ ಹಾಗಿಲ್ಲ. ಎನ್‌ಕ್ವೈರಿ ಮಾಡಬೇಕು. ಆರೋಪ ಓದಬೇಕು, ಹೇಳಿಕೆ ತೆಗೆದುಕೊಳ್ಳಬೇಕು. ಅಂಥ ಎಷ್ಟೋ ಎನ್‌ಕ್ವೈರಿಗಳಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತು ಬರೆದುಕೊಂಡವನು ನಾನು. ಆದ್ದರಿಂದ ಕ್ರಮಬದ್ಧವಾಗಿಯೇ ನಡೆಸಿದೆ. ಸಹಾಯಕ್ಕೆ ವಿಡಿಯೋ ನೋಡೋಣವೆಂದರೆ ಲೈಬ್ರರಿಯ ಬಾಗಿಲಿಗೆ ಬೀಗ. ಲೈಬ್ರರಿಯವರು ರಜೆಯ ಮೇಲಿದ್ದರು. ಕಂಪ್ಯೂಟರು ಕೆಟ್ಟರೆ ಏನು ಮಾಡಬೇಕೆಂಬ ಜ್ಞಾನವೆಲ್ಲ ಕಂಪ್ಯೂಟರಿನೊಳಗೇ ಇತ್ತು.

ಜೇನುಪೆಟ್ಟಿಗೆಯ ಮುಚ್ಚಳ ತೆಗೆದು ಮೊದಲು ಕರೆಂಟಿನ ಡಬ್ಬಿಯನ್ನು ಕರೆದೆ. ಅದರಿಂದ ಹೊರಡುವ ವೈರುಗಳ ಗೊಂಚಲನ್ನು ಬೋರ್ಡಿನಿಂದ ಕಿತ್ತು, ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ಬಗ್ಗಿಸಿದ ತಂತಿ ಸಿಕ್ಕಿಸಿದರೆ, ಡಬ್ಬಿ ಜೀವಂತವಿದ್ದಲ್ಲಿ ಅದರ ಫ್ಯಾನು ತಿರುಗಬೇಕು. ತಿರುಗಿತು. ಅದನ್ನು ದೋಷಮುಕ್ತ ಎಂದು ಸಾರಿ ಮತ್ತೆ ಕೆಲಸಕ್ಕೆ ಸೇರಿಸಿಕೊಂಡೆ. ರ‍್ಯಾಮ್ ಎಂಬ ನೆನಪಿನ ಪಟ್ಟಿಗಳನ್ನು ಎಳೆದು, ಅವುಗಳ ಚಿನ್ನದ ಅಂಚನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಿದೆ. ನೆನಪನ್ನು ರಬ್ಬರಿನಿಂದ ಉಜ್ಜಿದರೆ ಅದು ಅಳಿಸಿಹೋಗುವುದಿಲ್ಲ, ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಂಪ್ಯೂಟರಿನಲ್ಲಿ ನನಗೆ ಇಷ್ಟವಾಗದ ಗುಣ ಇದೊಂದೇ. ನಾಣ್ಯದಂಥ ಬ್ಯಾಟರಿಯನ್ನು ತೆಗೆದು, ಬಿಸಿಲಿಗೆ ತೋರಿಸಿ, ಮತ್ತೆ ಹಾಕಿದೆ. ಬಿಸಿಲಿಗೆ ತೋರಿಸಬೇಕೆಂದು ಎಲ್ಲೂ ಹೇಳಿಲ್ಲ. ಕಾಫಿಯಿಂದ ಹಿಡಿದು ಹಾಸಿಗೆಯ ತನಕ ಎಲ್ಲವನ್ನೂ ಬಿಸಿಲಿಗೆ ತೋರಿಸಿ ಅಭ್ಯಾಸ.

ಗುಂಡಿ ಒತ್ತಿದೆ. ಏನೂ ಇಲ್ಲ.

ಉಳಿದದ್ದು ಮದರ್‌ಬೋರ್ಡು. ಅದು ಯಾವ ಹೇಳಿಕೆಯನ್ನೂ ಕೊಡಲಿಲ್ಲ. ಎನ್‌ಕ್ವೈರಿಯಲ್ಲಿ ಬಾಯಿ ಬಿಡದವನನ್ನೇ ಅಪರಾಧಿ ಎಂದು ತೀರ್ಮಾನಿಸುವುದು ಹಿಂದಿನಿಂದ ಬಂದ ಪದ್ಧತಿ. ಅದು ಎಷ್ಟು ಸರಿ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಗುಂಡಿಯನ್ನು ಮಾತ್ರ ವಿಚಾರಣೆಗೆ ಕರೆಯಲೇ ಇಲ್ಲ. ಅದು ಬಾಗಿಲಿನಲ್ಲಿದ್ದಾಗಲೂ ಯಾರಿಂದಲೂ ಹೆಚ್ಚು ಒತ್ತಿಸಿಕೊಂಡದ್ದಲ್ಲ. ಸವೆದಿರಲು ಕಾರಣವಿರಲಿಲ್ಲ.

ಬೋರ್ಡು ಹೋಗಿದ್ದರೆ ಮೂಡಿಗೆರೆಗೆ ಒಯ್ಯಬೇಕು. ಬೆಳಗ್ಗೆ ಪೆಟ್ಟಿಗೆಯನ್ನು ಪಂಚೆಯಲ್ಲಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟೆ. ಪಕ್ಕದ ಮನೆಯ ಹೆಂಗಸು, ತೋಟದ ಕೆಲಸಕ್ಕೆ ಹೋಗುವವಳು, ಮಧ್ಯಾಹ್ನದ ಬುತ್ತಿ ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ಎಲ್ಲಿಗೆ ರೈಟ್ರೆ, ಗಂಟು ಕಟ್ಕೊಂಡು? ಕಿಟಕಿ ಹಾಕಿಲ್ಲ ತಾನೆ?"

"ಹಾಕಿಲ್ಲಮ್ಮ."

ಈ ಕಿಟಕಿಯ ವಿಚಾರ ಹೇಳಬೇಕು. ಮೊದಲ ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾಗಿದ್ದ ದಿನಗಳಲ್ಲಿ ನನ್ನ ಕೋಣೆಗೆ ಒಂದು ಕುಂಬಾರ ಹುಳ ಬರತೊಡಗಿತ್ತು. ಸಣ್ಣ ಸೊಂಟದ ಕರಿಯ ಕಣಜ, ಬಾಯಲ್ಲಿ ಹಸಿಮಣ್ಣಿನ ಉಂಡೆ. ಗುಂಯ್ ಎಂದು ಒಳಬರುವುದು, ಮೇಜಿನ ಹಿಂದೆಲ್ಲೋ ಮರೆಯಾಗುವುದು, ಅಲ್ಲಿಂದ ಸಣ್ಣ ದನಿಯಲ್ಲಿ ಹಾಡಿದಂತೆ ಸದ್ದು ಮಾಡುವುದು, ಮತ್ತೆ ಹೊರಗೆ ಹೋಗುವುದು. ನಾನು ಪೊರಕೆ ಎತ್ತಿದ್ದನ್ನು ಪಕ್ಕದ ಮನೆಯವಳು ಕಿಟಕಿಯಿಂದಲೇ ಕಂಡು ಕೂಗಿಕೊಂಡಿದ್ದಳು.

"ಅಯ್ಯೋ, ಓಡಿಸ್ಬೇಡಿ! ಕುಂಬಾರ ಹುಳ ಗೂಡು ಕಟ್ಟೋದು ಶುಭ. ಮನೇಲಿ ಬಸುರಿ ಇದ್ರೆ ಕಟ್ಟತ್ತೆ."

ಹೇಳಿಬಿಟ್ಟ ಮೇಲೆ ಅವಳು ನನ್ನ ಕೋಣೆಯನ್ನು ಒಮ್ಮೆ ನೋಡಿದಳು. ಒಂದು ಮಂಚ, ಒಂದು ಕುರ್ಚಿ, ಒಂದು ತಟ್ಟೆ, ಹಗ್ಗದ ಮೇಲೆ ಒಂದು ಅಂಗಿ. ಬಸುರಿಯರು ಅಡಗಿರುವ ಸಂಭವ ಕಾಣಲಿಲ್ಲ. ಶಾಸ್ತ್ರವನ್ನು ಅಲ್ಲೇ ಸ್ವಲ್ಪ ತಿದ್ದಿದಳು.

"ಇಲ್ದಿದ್ರೆ... ಯಾರಾದ್ರೂ ಬರ್ತಾರೆ. ಹೊಸಬ್ರು. ಗೂಡು ಒಡೀಬಾರ್ದು, ಎಲ್ಲಿ ಕಟ್ತಿದೆ ಅಂತ ಹುಡ್ಕಲೂಬಾರ್ದು. ಕಿಟಕಿ ಹಾಕ್ಬೇಡಿ ಅಷ್ಟೆ."

ನನಗೆ ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ. ಕಿಟಕಿ ತೆರೆದಿಟ್ಟದ್ದು ಗಾಳಿಗೆ. ಮಧ್ಯಾಹ್ನ ಆಟ ಶುರುವಾಗುವ ಮುಂಚಿನ ಖಾಲಿ ಹೊತ್ತಿನಲ್ಲಿ ಅದು ಬರಲಿಲ್ಲವೆಂದರೆ ಎದ್ದು ಕಿಟಕಿಯ ತನಕ ಹೋಗಿ ನೋಡುತ್ತಿದ್ದೆ. ಅದು ಕೂಡ ಗಾಳಿಗೇ.

ಮೂಡಿಗೆರೆ ಬಸ್ಸಿನ ಕಂಡಕ್ಟರು ಬಾಗಿಲಲ್ಲೇ ತಡೆದ. ಪಂಚೆಯ ಗಂಟಿನಿಂದ ಪೆಟ್ಟಿಗೆಯ ಮೂಲೆ ಹೊರಗೆ ಕಾಣುತ್ತಿತ್ತು.

"ಅಜ್ಜಾ, ಜೇನಾ? ಜೇನು ಹತ್ತಿಸಲ್ಲ."

"ಜೇನಲ್ಲಪ್ಪ. ಕಂಪ್ಯೂಟರ್."

"ನಂಗೆ ಜೇನುಪೆಟ್ಗೆ ಗೊತ್ತಿಲ್ವಾ? ನಮ್ಮನೇಲಿ ಆರಿತ್ತು."

"ಒಳಗಿರೋದು ಕಂಪ್ಯೂಟರ್ ಮಾರಾಯ."

"ಹೌದು ಹೌದು. ಹೋದ್ವಾರ ಒಬ್ರು ಬುಟ್ಟೀಲಿ ಹುಂಜ ಇಟ್ಕೊಂಡು ಟೊಮೇಟೊ ಅಂದಿದ್ರು. ಹತ್ತಿ. ಹಿಂದೆ ಹೋಗಿ ಕೂತ್ಕೊಳಿ. ಕಿಟಕಿ ಪಕ್ಕ."

ಬಸ್ಸು ತುಂಬಿತ್ತು. ನಾನು ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಪಕ್ಕದಲ್ಲಿದ್ದ ಇಬ್ಬರು ಗಂಟನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಮುಂದೆ ಹೋಗಿ ನಿಂತರು. ಮುಂದಿನ ಸ್ಟಾಪಿನಲ್ಲಿ ಹತ್ತಿದವರಿಗೂ ಯಾರೋ ವಿಷಯ ತಿಳಿಸಿದರು. ಜನ ಒಬ್ಬರ ಮೇಲೊಬ್ಬರು ಜೋತು ಬಿದ್ದು ಪ್ರಯಾಣ ಮಾಡಿದರು. ಇಡೀ ಹಿಂದಿನ ಸೀಟಿನಲ್ಲಿ ನಾನೊಬ್ಬನೇ ಜಮೀನ್ದಾರನಂತೆ ಕೂತಿದ್ದೆ. ಹೊರಗೆ ತೋಟಗಳಲ್ಲಿ ಹೂವು ಕಂದಿ ಕಾಯಿ ಕಚ್ಚುತ್ತಿತ್ತು. ಯಾರಿಗಾದರೂ ಅದನ್ನು ಹೇಳಬೇಕೆನಿಸಿತು, ಕೇಳುವಷ್ಟು ಹತ್ತಿರ ಯಾರೂ ಇರಲಿಲ್ಲ.

ಮೂಡಿಗೆರೆಯ ರಿಪೇರಿ ಅಂಗಡಿಯವನು ಗಂಟು ಬಿಚ್ಚಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದ. ವಿಷಯ ತಿಳಿದ ಮೇಲೆ ಮುಚ್ಚಳ ಎತ್ತಿ ಇಣುಕಿದ, ಕಾಲಿಂಗ್ ಬೆಲ್ಲಿನ ಗುಂಡಿ ನೋಡಿದ, ಒಮ್ಮೆ ಒತ್ತಿದ. ಆಮೇಲೆ, ಯಾರೋ ಬಾಗಿಲು ತೆಗೆಯಬಹುದೆಂಬಂತೆ ಸ್ವಲ್ಪ ಕಾದ.

"ಸರ್, ಬೋರ್ಡ್ ಹೋಗಿದೆ."

"ಪರೀಕ್ಷೆ ಮಾಡ್ದೆ ಹೆಂಗೆ ಹೇಳ್ತೀರಿ?"

"ಈ ಡಬ್ಬೀಲಿ ಇಷ್ಟು ದಿನ ಬದುಕಿದ್ದೇ ಪವಾಡ ಸರ್. ಈ ವೈರಿಂಗಿಗೆಲ್ಲ ನಾವು ಕೈ ಹಾಕಲ್ಲ. ಒಂದು ಲ್ಯಾಪ್‌ಟಾಪ್ ತಗೊಂಡು ಆರಾಮಾಗಿರಿ. ಎಂತ ಕೆಲಸ ಮಾಡ್ತೀರಿ ಇದ್ರಲ್ಲಿ?"

ಚದುರಂಗದಲ್ಲಿ ಸೋಲುವುದಿದೆ ಎಂದು ಹೇಳಬೇಕಿತ್ತು. ಯೋಚಿಸಿ ಹೇಳುತ್ತೇನೆ ಎಂದು ಗಂಟು ಕಟ್ಟಿದೆ. ಯೋಚಿಸಲು ಏನೂ ಇರಲಿಲ್ಲ. ಹೊಸದನ್ನು ತರಿಸಿ, ಆ ಆಟವನ್ನು ಮತ್ತೆ ಅದರೊಳಗೆ ಹುಡುಕಿ ತೆಗೆಯುವಷ್ಟರಲ್ಲಿ ಮೇಸ್ತ್ರಿ ನನ್ನನ್ನು ಪೂರ್ತಿ ಪಲ್ಪರಿಗೆ ಕಳಿಸಿಬಿಟ್ಟಿರುತ್ತಿದ್ದ. ವಾಪಸಿನ ಬಸ್ಸಿನಲ್ಲೂ ನನಗೆ ಸೀಟು ಸುಲಭವಾಗಿ ಸಿಕ್ಕಿತು.

ಮನೆಯ ಬೀಗ ತೆಗೆದಾಗ ಕೋಣೆಯಲ್ಲಿ ಗುಂಯ್‌ಗುಡುವ ಸದ್ದಿತ್ತು. ಎಂದಿನ ಸದ್ದಲ್ಲ, ಸ್ವಲ್ಪ ಏರಿದ ದನಿ. ಕುಂಬಾರ ಹುಳ ಮೇಜಿನ ಮೇಲೆ ಸುತ್ತುತ್ತಿತ್ತು. ಪೆಟ್ಟಿಗೆ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಉಳಿದಿತ್ತು. ಅದರ ಮೇಲೆ ಇಳಿಯುವುದು, ನಡೆಯುವುದು, ಏಳುವುದು, ಮತ್ತೆ ಅದೇ ಎತ್ತರದಲ್ಲಿ ಗಾಳಿಯಲ್ಲಿ ನಿಂತು ಇಲ್ಲದ ಯಾವುದೋ ಬಾಗಿಲನ್ನು ಮುಟ್ಟಿ ನೋಡುವುದು. ಬಾಯಲ್ಲಿ ಮಣ್ಣಿನ ಉಂಡೆ ಒಣಗಿ ಬೆಳ್ಳಗಾಗಿತ್ತು. ಎಷ್ಟು ಹೊತ್ತಿನಿಂದ ಹೀಗೆ ನಡೆದಿತ್ತೋ ತಿಳಿಯದು.

ಗಂಟು ಬಿಚ್ಚಿ ಪೆಟ್ಟಿಗೆಯನ್ನು ಆ ಚೌಕದ ಮೇಲೆ ಇಟ್ಟೆ. ನಾನ್ಯಾರೆಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ನನ್ನ ಕೈ ಇನ್ನೂ ಮುಚ್ಚಳದ ಮೇಲಿರುವಾಗಲೇ, ಅದು ಇಳಿದು ಗುಂಡಿಯ ಕೆಳಗಿನ ಸೀಳಿನಲ್ಲಿ ನುಸುಳಿ ಒಳಗೆ ಹೋಯಿತು. ಒಳಗಿನಿಂದ ಹಾಡಿನ ಸದ್ದು ಶುರುವಾಯಿತು.

ನಾನು ಕುರ್ಚಿಯಲ್ಲಿ ಕೂತೆ. ಅದು ಹೊರಗೆ ಹೋಗುವ ತನಕ ಕಾದು, ಗುಂಡಿಯ ಸ್ಕ್ರೂ ಬಿಚ್ಚಿದೆ. ಹಿಂದಿನ ಟೊಳ್ಳಿನಲ್ಲಿ, ಒತ್ತಿದರೆ ಒಂದನ್ನೊಂದು ಮುಟ್ಟಬೇಕಾದ ಎರಡು ಹಿತ್ತಾಳೆ ಪಟ್ಟಿಗಳ ನಡುವೆ, ಒಳ್ಳೆಯ ಕೆಂಪು ಮಣ್ಣು ಮೆತ್ತಿತ್ತು. ಬೆರಳ ತುದಿಯಷ್ಟು ದಪ್ಪದ ಕೋಣೆಗಳು, ಸಾಲಾಗಿ, ಒಂದಕ್ಕೊಂದು ಅಂಟಿಕೊಂಡು, ತೋಟದ ಕೂಲಿ ಲೈನಿನ ಮನೆಗಳಂತೆ. ಕೊನೆಯದಕ್ಕೆ ಇನ್ನೂ ಬಾಗಿಲು ಹಾಕಿರಲಿಲ್ಲ. ಒಳಗೆ ಕಣಜ ಕುಟುಕಿ ತಂದಿಟ್ಟ ಒಂದು ಹಸಿರು ಹುಳ ಮರಿಯ ಊಟಕ್ಕೆಂದು ನಿದ್ದೆ ಹೋಗಿತ್ತು.

ಗುಂಡಿಯ ಎರಡು ವೈರುಗಳನ್ನು ಬೋರ್ಡಿನಿಂದ ಕಿತ್ತು, ಅವು ಕೂತಿದ್ದ ಎರಡು ಸಣ್ಣ ಮುಳ್ಳುಗಳಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದೆ. ದೀಪ ಹತ್ತಿತು. ಫ್ಯಾನು ತಿರುಗಿತು. ಮದರ್‌ಬೋರ್ಡು ಬೀಪ್ ಎಂದಿತು. ಅದಕ್ಕೆ ಮೊದಲಿನಿಂದಲೂ ಏನೂ ಆಗಿರಲಿಲ್ಲ. ಯಾರೂ ಸರಿಯಾಗಿ ಕರೆದಿರಲಿಲ್ಲ, ಅಷ್ಟೆ.

ಸಂಜೆ ಪಕ್ಕದ ಮನೆಯವಳು ಬಂದು ನೋಡಿದಳು. ನಾನು ಕೈಯಲ್ಲಿ ಹಿಡಿದಿದ್ದ ಚಾಕು ಕಂಡು, "ಕೆರೀಬೇಡಿ ರೈಟ್ರೆ, ಪಾಪ. ಬಾಣಂತಿ ಕೋಣೆ ಅದು" ಎಂದಳು.

"ಕೆರೆಯೋಕಲ್ಲ. ವೈರ್ ಕಟ್ ಮಾಡಕ್ಕೆ."

ಗುಂಡಿಯನ್ನು ಮಣ್ಣಿನ ಸಮೇತ ಮತ್ತೆ ಅದೇ ಜಾಗದಲ್ಲಿ ಸ್ಕ್ರೂ ಹಾಕಿ ಕೂರಿಸಿದೆ. ಅದರ ವೈರುಗಳನ್ನು ಕತ್ತರಿಸಿ ಬಿಟ್ಟೆ. ಸ್ಕ್ರೂಡ್ರೈವರನ್ನು ಪೆಟ್ಟಿಗೆಯ ಪಕ್ಕ ಮೊಳೆಗೆ ತೂಗುಹಾಕಿದೆ.

ಮರುದಿನ ಊಟವಾದ ಮೇಲೆ ಪರದೆಯ ಮೇಲೆ ಆಟ ಬಂತು, ನಾನು ಬಿಟ್ಟುಹೋದ ಹಾಗೆಯೇ. ಪಕ್ಕದ ಸಣ್ಣ ಚೌಕದಲ್ಲಿ ಮೇಸ್ತ್ರಿ ಎಡಗೈಯಿಂದ ಒತ್ತಿ ಕಳಿಸಿದ ಒಂದು ಸಾಲು ಕಾಯುತ್ತಿತ್ತು: "ಪಲ್ಪರ್ ರಿಪೇರಿ ಆಯ್ತಾ."

"ಕುಂಬಾರ ಹುಳ ಗೂಡು ಕಟ್ಟಿತ್ತು, ಸ್ವಿಚ್ಚಿನೊಳಗೆ," ಎಂದು ಬರೆದೆ. ಬರೆದು ಓದಿದಾಗ ಗೊತ್ತಾಯಿತು, ಆಷಾಢದ ಪಲ್ಪರ್ ಕೂಡ ಇದಕ್ಕಿಂತ ನಂಬುವಂಥ ನೆಪ.

ಅವನಿಗೆ ಒಂದೊಂದು ಅಕ್ಷರಕ್ಕೂ ಹೊತ್ತು ಬೇಕು. ಆಮೇಲೆ ಎರಡೇ ಪದ ಬಂದವು.

"ಬಸುರಿ ಯಾರು?"

ನಾನು ಜೋರಾಗಿಯೇ ನಕ್ಕೆ. ಖಾಲಿ ಕೋಣೆಯಲ್ಲಿ ನಕ್ಕರೆ ಆ ಸದ್ದು ಗೋಡೆಯ ತನಕ ಹೋಗಿ ಅಲ್ಲಿ ಯಾರೂ ಸಿಗದೆ ವಾಪಸು ಬರುತ್ತದೆ. ಕಳಸದಲ್ಲೂ ಆ ಇಂಜಿನ್ನು ಕೆಮ್ಮಿರಬಹುದು. ನನಗೆ ಕೇಳುವ ಹಾಗಿರಲಿಲ್ಲ.

ಆಡಿದೆವು. ಅವನ ಬೇಲಿಯಲ್ಲಿ ಒಂದು ಸಂದು ಇದೆಯೆಂದು ನಾನು ಆ ದಿನಗಳೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿಟ್ಟಿದ್ದೆ. ಒಂಟೆಯನ್ನು ಅಲ್ಲಿಗೆ ನುಗ್ಗಿಸಿದೆ. ಅದನ್ನು ಅವನು ಮೊದಲೇ ಕಂಡಿದ್ದ. ಕಾಲಾಳೊಂದನ್ನು ಒಂದೇ ಮನೆ ಮುಂದೆ ಸರಿಸಿ ಸಂದು ಮುಚ್ಚಿದ. ಆನೆಯನ್ನು ಕೊಟ್ಟು ನೋಡಿದೆ, ಅವನು ತೆಗೆದುಕೊಳ್ಳಲಿಲ್ಲ. ರಾಜ ಮೂಲೆಗೆ ಬಂತು. ಆ ಹೊತ್ತಿಗೆ ಒಲೆಯ ಮೇಲೆ ಹಾಲಿರುವುದು ನೆನಪಾಯಿತು. ಬಾಗಿಲಿಗೆ ಚಿಲಕ ಹಾಕಿದ್ದೇನೆಯೇ ಎಂಬ ಅನುಮಾನ ಬಂತು. ಹೊರಗೆ ಗುಡುಗಿದಂತಾಯಿತು; ಗುಡುಗಿದರೆ ಪ್ಲಗ್ ಕಿತ್ತಿಡುವುದು ನಮ್ಮ ಕಡೆಯ ವಾಡಿಕೆ, ಅದಕ್ಕೆ ಯಾರೂ ತಪ್ಪು ಹೇಳುವುದಿಲ್ಲ. ನಾನು ಏಳಲಿಲ್ಲ. ಹಾಲು ಉಕ್ಕಿ ಸೀದ ವಾಸನೆ ಬಂತು. ಕೂತೇ ಇದ್ದೆ.

ಮಳೆಗಾಲ ಹಿಡಿಯುವ ಮೊದಲು ಮಣ್ಣಿನ ಕೋಣೆಗಳಲ್ಲಿ ಒಂದೊಂದು ದುಂಡು ತೂತು ಬಿದ್ದು, ಮರಿಗಳು ಕಿಟಕಿಯಿಂದ ಹಾರಿಹೋದವು. ಆಮೇಲೆ ಕಿಟಕಿ ಮುಚ್ಚಿದೆ. ಅಷ್ಟರವರೆಗೆ ಮನೆಗೆ ಹೊಸಬರು ಯಾರೂ ಬಂದಿರಲಿಲ್ಲ. ಕಂಪ್ಯೂಟರನ್ನು ಈಗಲೂ ಸ್ಕ್ರೂಡ್ರೈವರಿನಿಂದಲೇ ಹಚ್ಚುತ್ತೇನೆ.

ಆ ಆಟವನ್ನು ಮೇಸ್ತ್ರಿ ಗೆದ್ದ.